ಹಾಡಿನ ಉಗ್ರಾಣ

ಕೂಡಿಡುವುದು ಸುಲಭ, ಕೂಡಿಟ್ಟದ್ದನ್ನು ಬೇಕಾದ ಹೊತ್ತಿಗೆ ಹುಡುಕಿ ತೆಗೆಯುವುದು ಕಷ್ಟ. ಮದುವೆಮನೆಯ ಉಗ್ರಾಣವನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾದ್ದಿಲ್ಲ. ಬೇಳೆ, ಬೆಲ್ಲ, ಹುಣಿಸೆಹಣ್ಣು ಎಲ್ಲವೂ ಧಾರಾಳವಾಗಿ ಬಂದು ಬಿದ್ದಿರುತ್ತವೆ. ಆದರೆ ಅಡಿಗೆಯವನು “ಇಂಗು ಎಲ್ಲಿ?” ಎಂದು ಕೂಗಿದಾಗ ಉತ್ತರ ಕೊಡಬಲ್ಲವನು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬನೇ ಒಬ್ಬ ಉಗ್ರಾಣಿ. ಆತ ಊಟಕ್ಕೆ ಎದ್ದನೆಂದರೆ ಅಡಿಗೆ ನಿಂತಿತು. ಇಂದು ನಮ್ಮ ಕಾಲೇಜಿನ ಬಹುಮಂದಿ ವಿದ್ಯಾರ್ಥಿಗಳ ಜೇಬಿನಲ್ಲಿಯೂ ಮನೆಯ ಕಂಪ್ಯೂಟರಿನಲ್ಲಿಯೂ ಇಂಥದೊಂದು ಉಗ್ರಾಣವುಂಟು. ಚಿತ್ರಗೀತೆ, ಭಾವಗೀತೆ, ದಾಸರ ಪದ, ವಚನ, ಯಕ್ಷಗಾನದ ಪ್ರಸಂಗ, ಊರ ಜಾತ್ರೆಯಲ್ಲಿ ಹಿಡಿದ ಡೊಳ್ಳಿನ ಸದ್ದು ಎಲ್ಲವೂ ಅದರಲ್ಲಿ ಇವೆ. ಇಲ್ಲದಿರುವವನು ಉಗ್ರಾಣಿ ಮಾತ್ರ. ಅವನನ್ನು ನೇಮಿಸಿಕೊಳ್ಳುವ ಬಗೆ ಹೇಗೆ, ಅವನ ಕೈಯಲ್ಲಿ ಯಾವ ಯಾವ ಕೆಲಸ ಮಾಡಿಸಬಹುದು, ಯಾವುದನ್ನು ಅವನ ಕೈಗೆ ಬಿಡಬಾರದು ಎಂಬುದೇ ಈ ಲೇಖನದ ವಿಷಯ.

“ಹಾಡನ್ನು ಈಗ ಕೂಡಿಡುವವರಾದರೂ ಯಾರು? ಬೇಕೆಂದ ಕ್ಷಣ ಅಂತರಜಾಲದಿಂದ ಹರಿದು ಬರುತ್ತದಲ್ಲ!” ಎಂದು ಕೆಲವರು ಕೇಳಬಹುದು. ಕೇಳತಕ್ಕ ಮಾತೇ. ಆದರೆ ಹಾಗೆ ಹರಿದು ಬರುವ ಹಾಡು ಬಾಡಿಗೆಯ ಸೈಕಲ್ಲಿದ್ದಂತೆ. ಅಂಗಡಿಯವನು ಬಾಗಿಲು ಹಾಕಿದ ದಿನ ನಾವು ಕಾಲ್ನಡಿಗೆಯವರು. ಗೂಗಲ್ ಪ್ಲೇ ಮ್ಯೂಸಿಕ್ ೨೦೨೦ರಲ್ಲಿ ಮುಚ್ಚಿತು. ನಮ್ಮ ದೇಶದ್ದೇ ಆದ ವಿಂಕ್ ಮ್ಯೂಸಿಕ್ ೨೦೨೪ರಲ್ಲಿ ಮುಚ್ಚಿತು. ಅಲ್ಲಿ ಆಸೆಯಿಂದ ಪಟ್ಟಿ ಕಟ್ಟಿಕೊಂಡಿದ್ದವರೆಲ್ಲರೂ ಗಂಟುಮೂಟೆ ಹೊತ್ತು ಬೇರೆ ಕಡೆಗೆ ಹೋಗಬೇಕಾಯಿತು. ಅದೂ ಹೋಗಲಿ ಎನ್ನೋಣ. ಅಜ್ಜಿ ಬೀಸುವಾಗ ಹೇಳುತ್ತಿದ್ದ ಪದ, ಊರ ಮಠದಲ್ಲಿ ಅಮಾವಾಸ್ಯೆಯ ರಾತ್ರಿ ನಡೆದ ತತ್ವಪದದ ಭಜನೆ, ಮೂವತ್ತು ವರ್ಷದ ಹಿಂದೆ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಯಾರೋ ಕ್ಯಾಸೆಟ್ಟಿಗೆ ಹಿಡಿದಿಟ್ಟ ನಾಟಕದ ಹಾಡು, ಇವು ಯಾವ ಅಂಗಡಿಯಲ್ಲಿ ದೊರೆಯುತ್ತವೆ? ಇವುಗಳ ಉಗ್ರಾಣ ನಮ್ಮ ಮನೆಯೊಂದೇ.

ಕಂಪ್ಯೂಟರಿನೊಳಗೆ ಹಾಡು ಎಂಬುದು ಏನಾಗಿರುತ್ತದೆ ಎಂಬುದನ್ನು ಎರಡು ಮಾತಿನಲ್ಲಿ ಮುಗಿಸೋಣ. ೧೯೮೨ರಲ್ಲಿ ಪೇಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಪ್ರತಿ ಅಳತೆಯನ್ನೂ ೧೬ ಬಿಟ್ಟುಗಳ ಅಂಕಿಯಾಗಿ ಬರೆದಿಡುತ್ತಾರೆ. ಎಡಗಿವಿಗೊಂದು ಸಾಲು, ಬಲಗಿವಿಗೊಂದು ಸಾಲು. ಗುಣಿಸಿ ನೋಡಿದರೆ ಒಂದು ನಿಮಿಷದ ಹಾಡಿಗೆ ಒಂದು ಕೋಟಿ ಬೈಟುಗಳಿಗಿಂತ ಕೊಂಚ ಹೆಚ್ಚಿನ ಜಾಗ ಬೇಕು. ಜರ್ಮನಿಯ ಎರ್ಲಾಂಗೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಮೊದಲಾದವರು, ದೊಡ್ಡ ಸದ್ದಿನ ಮರೆಯಲ್ಲಿ ಮನುಷ್ಯನ ಕಿವಿಗೆ ಹೇಗೂ ಕೇಳಿಸದ ಸಣ್ಣ ಸದ್ದುಗಳನ್ನು ಕೈಬಿಟ್ಟರೆ ಈ ಅಂಕಿಗಳ ರಾಶಿ ಎಷ್ಟೋ ಕರಗುವುದೆಂದು ತೋರಿಸಿಕೊಟ್ಟರು. ೧೯೯೫ರಲ್ಲಿ ಎಂಪಿ-ತ್ರೀ ಎಂಬ ಬಾಲದ ಹೆಸರು ಪಡೆದದ್ದು ಈ ವಿಧಾನವೇ. ಸೆಕೆಂಡಿಗೆ ೧೨೮ ಕಿಲೋಬಿಟ್ಟಿನ ಎಂಪಿ-ತ್ರೀ ಹಾಡು ಡಿಸ್ಕಿನ ಹಾಡಿನ ಹನ್ನೊಂದನೆಯ ಒಂದು ಪಾಲು ಮಾತ್ರ. ಆದರೆ ಕೈಬಿಟ್ಟದ್ದು ಕೈಬಿಟ್ಟದ್ದೇ. ೧೨೮ರ ಹಾಡನ್ನು ೩೨೦ಕ್ಕೆ ಏರಿಸುತ್ತೇನೆಂದು ಹೊರಡುವವರು ನೀರು ಬೆರೆತ ಹಾಲನ್ನು ದೊಡ್ಡ ಪಾತ್ರೆಗೆ ಸುರಿದುಕೊಂಡಂತೆ. ಪಾತ್ರೆ ದೊಡ್ಡದಾಯಿತು, ಹಾಲು ಗಟ್ಟಿಯಾಗಲಿಲ್ಲ. ೨೦೦೧ರಲ್ಲಿ ಬಂದ ಫ್ಲ್ಯಾಕ್ ಎಂಬ ವಿಧಾನದಲ್ಲಿ ಏನನ್ನೂ ಕಳೆಯದೆ ಗಾತ್ರವನ್ನು ಸುಮಾರು ಅರ್ಧಕ್ಕೆ ಇಳಿಸಬಹುದು. ಆದ್ದರಿಂದ ಮನೆಯ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸುವವರು ಮೂಲವನ್ನು ಫ್ಲ್ಯಾಕಿನಲ್ಲಿ ಇಟ್ಟು, ಫೋನಿಗೆ ಎಂಪಿ-ತ್ರೀ ನಕಲನ್ನು ಕೊಡುವುದು ಒಳ್ಳೆಯದು.

ಇನ್ನು ಮುಖ್ಯ ವಿಷಯ. ಈ ಅಂಕಿಗಳ ರಾಶಿಗೆ ತಾನು ಯಾವ ಹಾಡು ಎಂಬುದು ಗೊತ್ತಿಲ್ಲ. ಹಾಡಿನ ಗುರುತನ್ನು ಹಾಡಿನ ಜೊತೆಗೇ ಕಟ್ಟಿ ಕಳುಹಿಸುವ ಕಷ್ಟ ಧ್ವನಿಮುದ್ರಣದಷ್ಟೇ ಹಳೆಯದು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿ ಗ್ರಾಮಫೋನು ಕಂಪೆನಿಗಾಗಿ ಹಾಡಿದರು. ಹಾಡು ಅಚ್ಚಾಗಬೇಕಾದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಇದು ಯಾರ ತಟ್ಟೆ ಎಂದು ತಿಳಿಯುವುದು ಹೇಗೆ? ಅದಕ್ಕಾಗಿ ಮೂರು ನಿಮಿಷದ ಹಾಡಿನ ತುದಿಯಲ್ಲಿ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಹಳೆಯ ತಟ್ಟೆಗಳಲ್ಲಿ ಈಗಲೂ ಅದನ್ನು ಕೇಳಬಹುದು. (ಈ ಗಾಯಕಿ ಕೊನೆಗಾಲದಲ್ಲಿ ಮೈಸೂರು ಆಸ್ಥಾನಕ್ಕೆ ಬಂದು, ೧೯೩೦ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು.) ತೊಂಬತ್ತನಾಲ್ಕು ವರ್ಷಗಳ ಮೇಲೆ, ೧೯೯೬ರಲ್ಲಿ, ಎರಿಕ್ ಕೆಂಪ್ ಎಂಬವರು ಎಂಪಿ-ತ್ರೀ ಹಾಡುಗಳಿಗೆ ಒಂದು ಗುರುತಿನ ಚೀಟಿಯನ್ನು ಕಲ್ಪಿಸಿದಾಗ ಅದನ್ನೂ ಇಟ್ಟದ್ದು ಫೈಲಿನ ತುದಿಯಲ್ಲಿಯೇ! ಅದರ ಹೆಸರು ಐಡಿ-ತ್ರೀ; ನಾವು ಟ್ಯಾಗು ಎನ್ನುವುದು ಇದನ್ನೇ.

ಈ ಚೀಟಿ ಬಹಳ ಜಿಪುಣತನದ್ದು. ಒಟ್ಟು ೧೨೮ ಬೈಟು. ಹಾಡಿನ ಹೆಸರಿಗೆ ೩೦, ಹಾಡಿದವರಿಗೆ ೩೦, ಆಲ್ಬಮ್ಮಿಗೆ ೩೦, ವರ್ಷಕ್ಕೆ ೪, ಷರಾಕ್ಕೆ ೩೦, ಸಂಗೀತದ ಬಗೆಗೆ ೧, ಚೀಟಿಯ ತಲೆಬರಹಕ್ಕೆ ೩. ಇಂದು ಕನ್ನಡವನ್ನು ಬರೆದಿಡುವ ಯುಟಿಎಫ್-೮ ಎಂಬ ಪದ್ಧತಿಯಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ ಒಂದೊಂದು ಗುಣಿತಚಿಹ್ನೆಗೂ ಮೂರು ಮೂರು ಬೈಟು ಬೇಕು. ‘ಪುರಂದರದಾಸರು’ ಎಂದು ಬರೆಯಲು ೩೩ ಬೈಟು. ಚೀಟಿಯಲ್ಲಿ ಇರುವುದು ೩೦. ದಾಸರಿಗೇ ಜಾಗವಿಲ್ಲ! ಸಂಗೀತದ ಬಗೆಯ ಪಟ್ಟಿಯಲ್ಲಿ ೮೦ ಹೆಸರುಗಳಿದ್ದವು. ಮಧ್ಯ ಯೂರೋಪಿನ ಪೋಲ್ಕಾ ಕುಣಿತಕ್ಕೆ ೭೫ನೆಯ ಸಂಖ್ಯೆ ಸಿಕ್ಕಿತ್ತು. ಕರ್ನಾಟಕ ಸಂಗೀತಕ್ಕಾಗಲಿ ಹಿಂದೂಸ್ತಾನಿಗಾಗಲಿ ಒಂದು ಸಂಖ್ಯೆಯೂ ಇರಲಿಲ್ಲ. ಇದಕ್ಕೆ ಯಾರನ್ನೂ ದೂರಬೇಕಾದ್ದಿಲ್ಲ. ಮಾಡಿದವರು ತಮ್ಮ ಮನೆಯಲ್ಲಿ ಇದ್ದ ಹಾಡುಗಳಿಗೆ ಮಾಡಿಕೊಂಡರು. ೧೯೯೮ರಲ್ಲಿ ಬಂದ ಎರಡನೆಯ ಆವೃತ್ತಿ ಈ ಕೊರತೆಯನ್ನು ನೀಗಿಸಿತು. ಚೀಟಿ ಫೈಲಿನ ಮೊದಲಿಗೆ ಬಂತು, ಉದ್ದದ ಮಿತಿ ಸಡಿಲವಾಯಿತು, ಕನ್ನಡ ಲಿಪಿಗೆ ಎಡೆ ದೊರೆಯಿತು, ಸಂಗೀತ ಸಂಯೋಜಕರಿಗೂ ಸಾಹಿತ್ಯ ಬರೆದವರಿಗೂ ಬೇರೆ ಬೇರೆ ಅಂಕಣಗಳು ಬಂದವು.

ಇಷ್ಟಾದರೂ ನಮ್ಮಲ್ಲಿ ಹೆಚ್ಚಿನವರು ಹಾಡನ್ನು ಇಡುವುದು ಫೋಲ್ಡರುಗಳಲ್ಲಿ. ‘ಅಶ್ವಥ್’ ಎಂದು ಒಂದು ಫೋಲ್ಡರು, ‘ಭಾವಗೀತೆ’ ಎಂದು ಇನ್ನೊಂದು, ‘ಹೊಸದು’ ಎಂದು ಒಂದು, ‘ಹೊಸದು-೨’ ಎಂದು ಮತ್ತೊಂದು. ಸಿ. ಅಶ್ವಥ್ ಹಾಡಿದ ಶರೀಫರ ಪದ ಯಾವುದರಲ್ಲಿ ಸೇರಬೇಕು? ಅಶ್ವಥ್‌ರಲ್ಲಿಯೋ, ತತ್ವಪದದಲ್ಲಿಯೋ, ಶಿಶುನಾಳ ಶರೀಫರಲ್ಲಿಯೋ? ಇದು ಗ್ರಂಥಾಲಯಶಾಸ್ತ್ರದ ಹಳೆಯ ಜಗಳ. ೧೮೭೬ರ ಡ್ಯೂಯಿ ಪದ್ಧತಿಯಲ್ಲಿ ಪುಸ್ತಕಕ್ಕೆ ಒಂದು ಸಂಖ್ಯೆ, ಸಂಖ್ಯೆಗೆ ಒಂದು ಬೀರು, ಸಂಗೀತಕ್ಕೆ ೭೮೦. ನಮ್ಮವರೇ ಆದ ಎಸ್. ಆರ್. ರಂಗನಾಥನ್ ಅವರು ೧೯೩೩ರಲ್ಲಿ ಹೊರತಂದ ಕೋಲನ್ ವರ್ಗೀಕರಣದಲ್ಲಿ ಬೇರೊಂದು ದಾರಿಯನ್ನು ಹಿಡಿದರು. ಒಂದು ವಿಷಯಕ್ಕೆ ಅನೇಕ ಮುಖಗಳಿರುತ್ತವೆ. ಒಂದೊಂದು ಮುಖವನ್ನೂ ಬೇರೆಬೇರೆಯಾಗಿ ಗುರುತಿಸಿ ಆಮೇಲೆ ಜೋಡಿಸಬೇಕು ಎಂಬುದು ಅದರ ತಿರುಳು. ರಂಗನಾಥನ್ ಅವರು ೧೯೬೨ರಲ್ಲಿ ಬೆಂಗಳೂರಿನಲ್ಲಿ ದಸ್ತಾವೇಜು ಸಂಶೋಧನೆಯ ಕೇಂದ್ರವನ್ನು ಸ್ಥಾಪಿಸಿ, ೧೯೭೨ರಲ್ಲಿ ತೀರಿಕೊಳ್ಳುವವರೆಗೂ ಅದೇ ಊರಿನಲ್ಲಿ ಇದ್ದರು. ಅವರು ಎಂಪಿ-ತ್ರೀಯನ್ನು ಕಾಣಲಿಲ್ಲ, ನಿಜ. ಆದರೆ ಟ್ಯಾಗಿನ ಅಂಕಣಗಳೆಂದರೆ ಅವರು ಹೇಳಿದ ಮುಖಗಳೇ ಎಂದು ನನಗೆ ತೋರುತ್ತದೆ. ಫೈಲು ಎಲ್ಲಿ ಬೇಕಾದರೂ ಬಿದ್ದಿರಲಿ. ಟ್ಯಾಗು ಸರಿಯಿದ್ದರೆ ಅದೇ ಹಾಡು ಅಶ್ವಥ್ ಎಂದು ಕೂಗಿದರೂ ಓಗೊಡುತ್ತದೆ, ಶರೀಫರೆಂದು ಕೂಗಿದರೂ ಓಗೊಡುತ್ತದೆ.

ಯಾವ ಅಂಕಣದಲ್ಲಿ ಏನನ್ನು ಬರೆಯಬೇಕೆಂಬುದನ್ನು ಮಾತ್ರ ನಾವೇ ನಿರ್ಧರಿಸಿಕೊಳ್ಳಬೇಕು. ಪಶ್ಚಿಮದ ಪದ್ಧತಿಯಲ್ಲಿ ಹಾಡಿದವನೇ ರಾಜ, ಆಲ್ಬಮ್ಮೇ ರಾಜ್ಯ. ನಮ್ಮಲ್ಲಿ ಹಾಗಲ್ಲ. ಕೆ. ಎಸ್. ನರಸಿಂಹಸ್ವಾಮಿಯವರ ಕವಿತೆಯನ್ನು ಒಬ್ಬರು ಸಂಯೋಜಿಸಿ ಇನ್ನೊಬ್ಬರು ಹಾಡಿದರೆ ಮೂವರಿಗೂ ಹಕ್ಕುಂಟು; ಕವಿಯ ಹೆಸರು ಸಾಹಿತ್ಯದ ಅಂಕಣಕ್ಕೆ, ಸಂಯೋಜಕರದು ಸಂಯೋಜಕರ ಅಂಕಣಕ್ಕೆ ಹೋಗಲಿ. ಕೃತಿಗೆ ರಾಗ ತಾಳಗಳಿವೆ; ಇವಕ್ಕೆಂದೇ ಮೀಸಲಾದ ಅಂಕಣ ಟ್ಯಾಗಿನಲ್ಲಿ ಇಲ್ಲ. ‘ಗುಂಪು’ ಎಂಬ ಅಂಕಣವನ್ನು ರಾಗಕ್ಕೆ ಒತ್ತೆಯಿಟ್ಟು, ಷರಾದಲ್ಲಿ ತಾಳವನ್ನೂ ಪಕ್ಕವಾದ್ಯದವರನ್ನೂ ಬರೆಯುವುದು ಅನುಕೂಲ. ಯಾವುದನ್ನೇ ಆರಿಸಿಕೊಳ್ಳಿ, ಎಲ್ಲ ಹಾಡಿಗೂ ಅದೇ ನಿಯಮವಿರಲಿ.

ಹೆಸರಿನ ಕಾಗುಣಿತವೇ ಇಲ್ಲಿಯ ದೊಡ್ಡ ತೊಡಕು. ಭೀಮಸೇನ ಜೋಶಿ, ಭೀಮಸೇನ್ ಜೋಶಿ, ಪಂ. ಭೀಮಸೇನ ಜೋಷಿ, ಈ ಮೂವರೂ ಗದಗಿನ ಕಡೆಯ ಒಬ್ಬರೇ ಮಹನೀಯರೆಂದು ನಮಗೆ ಗೊತ್ತು. ಕಂಪ್ಯೂಟರಿಗೆ ಇವರು ಮೂರು ಜನ. ಇದಕ್ಕಿಂತ ವಿಚಿತ್ರವಾದದ್ದು ಕಣ್ಣಿಗೆ ಕಾಣದ ಭೇದ. ಯೂನಿಕೋಡಿನಲ್ಲಿ ‘ಕೊ’ ಎಂಬಲ್ಲಿಯ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಊತ್ವಗಳೆರಡನ್ನು ಕೂಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ‘ಅಶ್ವಥ್’ ಎಂಬುದರ ಕೊನೆಯಲ್ಲಿ ಅಗಲವಿಲ್ಲದ, ಕಾಣದ ಅಕ್ಷರವೊಂದು ಕುಳಿತಿದ್ದರೆ ಅವರು ಬೇರೆ ಅಶ್ವಥ್! ಒಂದೇ ಹೆಸರು ಪಟ್ಟಿಯಲ್ಲಿ ಎರಡು ಕಡೆ ಕಂಡರೆ ಇದನ್ನು ಶಂಕಿಸಬೇಕು. ಮದ್ದು ಸರಳ: ಒಂದು ಹೆಸರನ್ನು ನಕಲು ಮಾಡಿ ಎಲ್ಲ ಹಾಡುಗಳಿಗೂ ಒಟ್ಟಿಗೆ ಅಂಟಿಸುವುದು.

ರಾಗದ ಹೆಸರಿನಲ್ಲಿಯಂತೂ ಕಾಗುಣಿತ ಸರಿಯಿದ್ದರೂ ಮೋಸವುಂಟು. ಕರ್ನಾಟಕ ಪದ್ಧತಿಯ ತೋಡಿಗೂ ಹಿಂದೂಸ್ತಾನಿಯ ತೋಡಿಗೂ ಹೆಸರೊಂದೇ, ಸ್ವರಗಳು ಬೇರೆ. ನಮ್ಮ ತೋಡಿಯ ಸ್ವರಗಳು ಅವರ ಭೈರವಿಯಲ್ಲಿ ಇವೆ. ಅವರ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯಲ್ಲಿ ಇವೆ. ನಮ್ಮ ಭೈರವಿಯಂತೂ ಮೂರನೆಯದೇ ಒಂದು ರಾಗ. ಎರಡು ಸಂಪ್ರದಾಯಗಳೂ ಕೂಡುವ ಧಾರವಾಡ, ಹುಬ್ಬಳ್ಳಿಯ ಕಡೆಯ ಮನೆಗಳ ಸಂಗ್ರಹದಲ್ಲಿ ಇದು ದಿನದ ಅನುಭವ. ಆದ್ದರಿಂದ ಸಂಗೀತದ ಬಗೆ ಎಂಬ ಅಂಕಣದಲ್ಲಿ ‘ಕರ್ನಾಟಕ’, ‘ಹಿಂದೂಸ್ತಾನಿ’ ಎಂದು ತಪ್ಪದೆ ಬರೆದಿಡಬೇಕು.

ಚಿತ್ರಗೀತೆಗಳ ಟ್ಯಾಗುಗಳನ್ನು ನಾವೇ ಕುಳಿತು ತುಂಬಬೇಕಾದ್ದಿಲ್ಲ. ೨೦೦೦ದಲ್ಲಿ ಆರಂಭವಾದ ಮ್ಯೂಸಿಕ್‌ಬ್ರೈನ್ಜ್ ಎಂಬುದೊಂದು ಸಾರ್ವಜನಿಕ ಕೋಶವುಂಟು. ಅದರ ಪಿಕಾರ್ಡ್ ಎಂಬ ಸಾಧನವು ಹಾಡಿನ ಧ್ವನಿಯಿಂದಲೇ ಒಂದು ಬೆರಳಚ್ಚನ್ನು ತೆಗೆದು, ಕೋಶದಲ್ಲಿ ಹುಡುಕಿ, ಹೆಸರನ್ನು ತುಂಬುತ್ತದೆ. ಕನ್ನಡದ ಹಾಡುಗಳು ಅಲ್ಲಿ ಸಾಕಷ್ಟಿಲ್ಲ. ಸೇರಿಸಲು ಯಾರಿಗೂ ಅಡ್ಡಿಯಿಲ್ಲವಾದ್ದರಿಂದ ರಜೆಯಲ್ಲಿ ಬಿಡುವಿರುವ ಮಿತ್ರರು ಯೋಚಿಸಬಹುದು. ಅಜ್ಜಿಯ ಪದಕ್ಕೆ ಮಾತ್ರ ಯಾವ ಕೋಶವೂ ಒದಗುವುದಿಲ್ಲ. ಅದಕ್ಕೆ ಗೌಹರ್ ಜಾನ್ ಅವರ ಉಪಾಯವೇ ಉತ್ತಮ. ಧ್ವನಿ ಹಿಡಿಯುವಾಗ, ಹಾಡು ಮುಗಿದೊಡನೆ, “ಅಜ್ಜೀ, ನಿಮ್ಮ ಹೆಸರು, ತೌರೂರು, ಈ ಪದ ಯಾರಿಂದ ಕಲಿತದ್ದು, ಹೇಳಿ” ಎಂದು ಕೇಳಿ ಅದನ್ನೂ ಹಿಡಿದುಕೊಳ್ಳಬೇಕು. ಟ್ಯಾಗು ಅಳಿಸಿಹೋದರೂ ಮಾತು ಉಳಿಯುತ್ತದೆ.

ಟ್ಯಾಗು ಸರಿಹೋಯಿತೆಂದರೆ ಉಗ್ರಾಣಿ ಕೆಲಸಕ್ಕೆ ಸಿದ್ಧನಾದ. ಪ್ಲೇಲಿಸ್ಟು ಎಂದರೆ ಹಾಡುಗಳ ಪಟ್ಟಿ. ಒಂದೊಂದಾಗಿ ನಾವೇ ಆರಿಸಿ ಕಟ್ಟುವ ಪಟ್ಟಿ ಎಲ್ಲರಿಗೂ ಗೊತ್ತು. ತಾನೇ ತಾನಾಗಿ ಕಟ್ಟಿಕೊಳ್ಳುವ ಪಟ್ಟಿ ಬೇರೆ. ಅದರಲ್ಲಿ ನಾವು ಹಾಡನ್ನು ಆರಿಸುವುದಿಲ್ಲ, ನಿಯಮವನ್ನು ಬರೆಯುತ್ತೇವೆ. ನಿಯಮಕ್ಕೆ ಒಪ್ಪುವ ಹಾಡುಗಳು ಬಂದು ಕೂಡುತ್ತವೆ, ಒಪ್ಪದಂತಾದವು ಎದ್ದು ಹೋಗುತ್ತವೆ. ಆಪಲ್ ಕಂಪೆನಿಯ ಐಟ್ಯೂನ್ಸ್ ೨೦೦೧ರಲ್ಲಿ ಬಂತು. ೨೦೦೨ರ ಜುಲೈಯಲ್ಲಿ ಬಂದ ಅದರ ಮೂರನೆಯ ಆವೃತ್ತಿಯಲ್ಲಿ ಸ್ಮಾರ್ಟ್ ಪ್ಲೇಲಿಸ್ಟು ಎಂಬ ಹೆಸರಿನಿಂದ ಈ ಪಟ್ಟಿ ಜನರ ಕೈಗೆ ಸಿಕ್ಕಿತು. ಹಾಡಿಗೆ ಐದರವರೆಗೆ ನಕ್ಷತ್ರ ಕೊಡುವುದು ಬಂದದ್ದೂ ಅದೇ ಆವೃತ್ತಿಯಲ್ಲಿಯೇ. ಇಂದು ಮ್ಯೂಸಿಕ್‌ಬೀ, ರಿದಮ್‌ಬಾಕ್ಸ್, ಸ್ಟ್ರಾಬೆರಿ ಮೊದಲಾದ ಹಲವು ತಂತ್ರಾಂಶಗಳಲ್ಲಿ ಇದೇ ಸೌಕರ್ಯವುಂಟು. ಒಳಗಿನ ಯಂತ್ರ ಸರಳವಾದದ್ದು. ಟ್ಯಾಗುಗಳನ್ನೆಲ್ಲ ಓದಿ ಒಂದು ದೊಡ್ಡ ಕೋಷ್ಟಕವನ್ನು ಕಟ್ಟಿರುತ್ತದೆ. ಒಂದು ಹಾಡಿಗೆ ಒಂದು ಸಾಲು. ಅದಕ್ಕೆ ತಾನು ಗಮನಿಸಿದ್ದನ್ನೂ ಸೇರಿಸುತ್ತದೆ: ಎಷ್ಟು ಸಲ ನುಡಿಸಲಾಯಿತು, ಕಡೆಯದಾಗಿ ಯಾವಾಗ, ಉಗ್ರಾಣಕ್ಕೆ ಬಂದದ್ದು ಯಾವ ದಿನ. ನಿಯಮವೆಂದರೆ ಈ ಕೋಷ್ಟಕಕ್ಕೆ ಹಾಕುವ ಪ್ರಶ್ನೆ.

ಪ್ರಶ್ನೆಯನ್ನು ಹಾಕುವ ಭಾಷೆಯಲ್ಲಿ ಎಚ್ಚರ ಬೇಕು. “ಮೋಹನ ಮತ್ತು ಕಲ್ಯಾಣಿ ರಾಗದ ಹಾಡುಗಳನ್ನು ತಾ” ಎಂದರೆ ಬುದ್ಧಿವಂತನಾದ ಮನುಷ್ಯ ಎರಡು ರಾಗದವನ್ನೂ ತರುತ್ತಾನೆ. ಕಂಪ್ಯೂಟರಿಗೆ ‘ಮತ್ತು’ ಎಂದರೆ ಎರಡು ನಿಯಮಗಳೂ ಒಂದೇ ಹಾಡಿನಲ್ಲಿ ಈಡೇರಬೇಕು. ಬರಿಯ ಪಟ್ಟಿಯೊಂದು ನಮ್ಮ ಮುಖ ನೋಡುತ್ತದೆ. ಹೆಚ್ಚೆಂದರೆ ಎರಡು ರಾಗಗಳೂ ಸೇರಿದ ರಾಗಮಾಲಿಕೆಯೊಂದು ಬಂದೀತು. ಇಲ್ಲಿ ಬೇಕಾದದ್ದು ‘ಅಥವಾ’. ತಂತ್ರಾಂಶಗಳಲ್ಲಿ ‘ಎಲ್ಲ ನಿಯಮಗಳೂ’, ‘ಯಾವುದಾದರೊಂದು ನಿಯಮ’ ಎಂದು ಆರಿಸಿಕೊಳ್ಳುವ ಚಿಕ್ಕ ಪೆಟ್ಟಿಗೆ ಇರುವುದು ಇದಕ್ಕಾಗಿಯೇ. ತರ್ಕಶಾಸ್ತ್ರದ ತರಗತಿಯಲ್ಲಿ ನಿದ್ದೆ ಮಾಡಿದವರಿಗೆ ಈ ಪೆಟ್ಟಿಗೆ ಒಳ್ಳೆಯ ಪಾಠ ಕಲಿಸುತ್ತದೆ.

ಉಪಯೋಗವಾಗುವ ಕೆಲವು ನಿಯಮಗಳನ್ನು ಹೇಳಬಹುದು. ‘ನಾಲ್ಕು ನಕ್ಷತ್ರ ಅಥವಾ ಮೇಲು, ಕಳೆದ ಮೂವತ್ತು ದಿನಗಳಲ್ಲಿ ಕೇಳಿಲ್ಲ, ಇಪ್ಪತ್ತೈದು ಹಾಡಿಗೆ ಸಾಕು’, ಇದು ನನ್ನ ಮೆಚ್ಚಿನದು. ಕೇಳಿದ ಹಾಡು ತಾನಾಗಿ ಪಟ್ಟಿಯಿಂದ ಇಳಿಯುತ್ತದೆ, ಮರೆತದ್ದು ಮೇಲೆ ಬರುತ್ತದೆ. ಇದಕ್ಕೆ ತದ್ವಿರುದ್ಧವಾಗಿ ‘ಹೆಚ್ಚು ಸಲ ಕೇಳಿದ ಇಪ್ಪತ್ತೈದು’ ಎಂಬ ಪಟ್ಟಿಯನ್ನು ಬಹುಮಂದಿ ಇಟ್ಟುಕೊಳ್ಳುತ್ತಾರೆ. ಅದು ಅಷ್ಟು ಒಳ್ಳೆಯದಲ್ಲ. ಪಟ್ಟಿಯಲ್ಲಿ ಇರುವುದರಿಂದ ಕೇಳುತ್ತೇವೆ, ಕೇಳಿದ್ದರಿಂದ ಪಟ್ಟಿಯಲ್ಲಿ ಉಳಿಯುತ್ತದೆ. ಮುನಿಸಿಪಾಲಿಟಿಯ ಹಳೆಯ ಸದಸ್ಯರಂತೆ ಆ ಇಪ್ಪತ್ತೈದು ಹಾಡುಗಳು ಕುರ್ಚಿ ಬಿಡುವುದಿಲ್ಲ. ಹಿಂದೂಸ್ತಾನಿ ಸಂಗೀತದಲ್ಲಿ ರಾಗಕ್ಕೆ ಹೊತ್ತುಂಟಷ್ಟೆ. ಷರಾದಲ್ಲಿ ‘ಬೆಳಗು’, ‘ಸಂಜೆ’, ‘ರಾತ್ರಿ’ ಎಂದು ಬರೆದಿಟ್ಟರೆ ಭೈರವ ತೋಡಿಗಳು ಬೆಳಗಿನ ಪಟ್ಟಿಗೆ, ಯಮನ್ ಸಂಜೆಯದಕ್ಕೆ, ಮಾಲಕೌಂಸ ದರ್ಬಾರಿಗಳು ರಾತ್ರಿಯದಕ್ಕೆ ತಾವೇ ಹೋಗಿ ಕೂಡುತ್ತವೆ. ಇನ್ನೊಂದು ಪಟ್ಟಿ ಕೇಳುವುದಕ್ಕಲ್ಲ, ದುಡಿಯುವುದಕ್ಕೆ: ‘ರಾಗದ ಅಂಕಣ ಖಾಲಿ’, ‘ವರ್ಷ ಖಾಲಿ’, ‘ಹಾಡಿದವರು ಖಾಲಿ’. ದಿನಕ್ಕೆ ಐದು ಹಾಡಿನ ಚೀಟಿಯನ್ನು ತುಂಬಿದರೆ ವರ್ಷದಲ್ಲಿ ಸಾವಿರದ ಎಂಟುನೂರು ದಾಟುತ್ತದೆ. ಪಟ್ಟಿ ಕರಗುತ್ತ ಬರುವುದನ್ನು ನೋಡುವುದರಲ್ಲಿಯೂ ಒಂದು ಸುಖವಿದೆ.

ಕಲಸಿ ನುಡಿಸುವ ಷಫಲ್ ಗುಂಡಿಯ ಬಗ್ಗೆ ಒಂದು ಮಾತು. “ಇದು ಕಲಸುವುದೇ ಇಲ್ಲ, ಒಬ್ಬರದೇ ಹಾಡು ಬೆನ್ನುಬೆನ್ನಿಗೆ ಬರುತ್ತದೆ” ಎಂಬ ದೂರು ಎಲ್ಲೆಡೆಯೂ ಕೇಳಿಬರುತ್ತದೆ. ಹತ್ತು ಗಾಯಕರ ತಲಾ ನೂರು ಹಾಡುಗಳಿವೆ ಎನ್ನಿ. ಒಂದು ಹಾಡಿನ ಮುಂದೆ ಅದೇ ಗಾಯಕರದು ಬರುವ ಸಂಭವ ಹತ್ತರಲ್ಲಿ ಒಂದು. ಗಂಟೆಗೆ ಹದಿನೈದು ಹಾಡು ಕೇಳಿದರೆ ಹದಿನಾಲ್ಕು ಜೋಡಿಗಳಾದವು. ಒಮ್ಮೆಯಾದರೂ ಒಬ್ಬರದೇ ಎರಡು ಹಾಡು ಒಟ್ಟಿಗೆ ಬರುವ ಸಂಭವ ನೂರಕ್ಕೆ ಎಪ್ಪತ್ತೇಳು. ನಿಜವಾಗಿ ಕಲಸಿದರೆ ಹೀಗೆಯೇ ಆಗಬೇಕು. ಜನರ ದೂರಿಗೆ ಮಣಿದು ಐಟ್ಯೂನ್ಸ್ ೨೦೦೫ರಲ್ಲಿ ಒಬ್ಬರದೇ ಹಾಡುಗಳನ್ನು ದೂರ ದೂರ ಇಡುವ ಏರ್ಪಾಟನ್ನು ತಂದಿತು. ಅಂದರೆ ಕಲಸುವುದನ್ನು ಕಡಿಮೆ ಮಾಡಿ ಹೆಚ್ಚು ಕಲಸಿದಂತೆ ಕಾಣಿಸಿತು.

ಇನ್ನು ಮನೆಯ ಉಗ್ರಾಣದಿಂದ ಜೇಬಿಗೆ ಹಾಡನ್ನು ಸಾಗಿಸುವ ಕೆಲಸ. ೨೦೦೧ರ ಅಕ್ಟೋಬರಿನಲ್ಲಿ ಬಂದ ಮೊದಲನೆಯ ಐಪಾಡಿನಲ್ಲಿ ೫ ಗಿಗಾಬೈಟು ಜಾಗ, ಸಾವಿರ ಹಾಡು. ಅದನ್ನು ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿದರೆ ಅಲ್ಲಿದ್ದದ್ದು ಇಲ್ಲಿಗೆ ತಾನೇ ಬರುತ್ತಿತ್ತು. ಐಪಾಡು ೨೦೨೨ರಲ್ಲಿ ನಿಂತುಹೋಯಿತು; ಅದು ಕಲಿಸಿದ ಪದ್ಧತಿ, ಸಿಂಕು ಮಾಡುವುದು, ಉಳಿಯಿತು. ಫೋನಿನಲ್ಲಿ ಎಲ್ಲ ಹಾಡಿಗೂ ಜಾಗವಿಲ್ಲದವರು ತಾನಾಗಿ ಕಟ್ಟುವ ಪಟ್ಟಿಯನ್ನೇ ಸಾಗಣೆಗೆ ಹೂಡಬಹುದು. ‘ಬಹುದಿನದಿಂದ ಕೇಳದವು, ಒಟ್ಟು ೨ ಗಿಗಾಬೈಟು’ ಎಂದು ನಿಯಮ ಬರೆದರೆ, ೩೨೦ ಕಿಲೋಬಿಟ್ಟಿನ ನಾಲ್ಕು ನಿಮಿಷದ ಹಾಡಿಗೆ ಸುಮಾರು ಹತ್ತು ಮೆಗಾಬೈಟಿನಂತೆ ಇನ್ನೂರು ಹಾಡುಗಳು ಫೋನಿಗೆ ಬರುತ್ತವೆ. ಕೇಳಿದಂತೆಲ್ಲ ಮುಂದಿನ ಸಲ ಅವು ಇಳಿದು ಬೇರೆಯವು ಹತ್ತುತ್ತವೆ. ಸಾರಿಗೆ ಬಸ್ಸಿನಂತೆ, ಇಳಿಯುವವರು ಇಳಿದರೆ ತಾನೆ ಹತ್ತುವವರಿಗೆ ಜಾಗ.

ಆದರೆ ಸಿಂಕು ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ. ಒಂದು, ಕಂಪ್ಯೂಟರೇ ಯಜಮಾನ. ಫೋನು ಅದರ ಕನ್ನಡಿ. ಇನ್ನೊಂದು, ಇಬ್ಬರೂ ಸಮಾನರು. ಇಲ್ಲಿ ಆದದ್ದು ಅಲ್ಲಿ, ಅಲ್ಲಿ ಆದದ್ದು ಇಲ್ಲಿ. ಸೇರಿಸಿದ್ದು ಎರಡು ಕಡೆಗೂ ಬರುವಂತೆ ಅಳಿಸಿದ್ದೂ ಎರಡು ಕಡೆಯಲ್ಲಿಯೂ ಅಳಿಯುತ್ತದೆ. ಈ ಎರಡನೆಯದನ್ನು ತಿಳಿಯದೆ ನನ್ನ ಸಹಪಾಠಿಯೊಬ್ಬನ ಮನೆಯಲ್ಲಿ ಒಂದು ಅನಾಹುತ ನಡೆಯಿತು. ಆತ ತನ್ನ ಅಜ್ಜಿಯ ಬೀಸುವ ಪದಗಳನ್ನು, ಸೋಬಾನೆಗಳನ್ನು ಎರಡು ಬೇಸಗೆಯ ರಜೆಗಳಲ್ಲಿ ಫೋನಿನಲ್ಲಿ ಹಿಡಿದಿದ್ದ, ಇಪ್ಪತ್ತೆರಡು ಪದಗಳು. ಅವು ಕಂಪ್ಯೂಟರಿಗೂ ಹೋಗಿ ಕೂತಿದ್ದವು. ಫೋನು ತುಂಬಿತೆಂದು, ‘ಹೇಗೂ ಕಂಪ್ಯೂಟರಿನಲ್ಲಿ ಇವೆಯಲ್ಲ’ ಎಂಬ ಧೈರ್ಯದಿಂದ ಒಂದು ಸಂಜೆ ಫೋನಿನವನ್ನು ಅಳಿಸಿದ. ರಾತ್ರಿ ಎರಡೂ ಯಂತ್ರಗಳು ಮಾತಾಡಿಕೊಂಡವು. ಬೆಳಗ್ಗೆ ಕಂಪ್ಯೂಟರಿನಲ್ಲಿಯೂ ಇರಲಿಲ್ಲ. ಅವನಿಗೆ ಅದು ತಿಳಿದದ್ದು ನಾಲ್ಕು ತಿಂಗಳ ಮೇಲೆ, ಅಜ್ಜಿಯ ವೈಕುಂಠ ಸಮಾರಾಧನೆಯ ದಿನ ಮನೆಯವರಿಗೆ ಕೇಳಿಸಬೇಕೆಂದು ಹುಡುಕಿದಾಗ. ದಾವಣಗೆರೆಯ ಸೋದರತ್ತೆಯ ಫೋನಿಗೆ ಹಿಂದೆಂದೋ ಕಳುಹಿಸಿದ್ದ ಮೂರು ಪದಗಳು ದೊರೆತವು. ಹತ್ತೊಂಬತ್ತು ಹೋದವು.

ಸಿಂಕು ಎಂಬುದು ಕಾಪಿನ ಪ್ರತಿಯಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಕಾಪಿನ ಪ್ರತಿಯೆಂದರೆ, ಮೂಲದಲ್ಲಿ ಅಳಿಸಿದಾಗ ತಾನು ಅಳಿಯದೆ ಉಳಿಯುವ ಪ್ರತಿ. ತಂತಿ ಕಿತ್ತು ಬೀರುವಿನಲ್ಲಿ ಇಟ್ಟ ಹಾರ್ಡ್ ಡಿಸ್ಕು ಒಂದು, ಬೇರೆ ಊರಿನ ನೆಂಟರ ಮನೆಯಲ್ಲಿ ಇಟ್ಟದ್ದು ಇನ್ನೊಂದು, ಇಷ್ಟಿದ್ದರೆ ಬೆಂಕಿಗೂ ಕಳ್ಳನಿಗೂ ಹೆದರಬೇಕಾದ್ದಿಲ್ಲ. ಕಂಪ್ಯೂಟರುಗಳ ನಡುವೆ ಸರಿಹೊಂ‌ದಿಸಲು ಸಿಂಕ್‌ಥಿಂಗ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುವವರು ಮೂಲವಿರುವ ಕಡೆ ‘ಕಳುಹಿಸುವುದು ಮಾತ್ರ’ ಎಂದು ಗೊತ್ತುಮಾಡಬೇಕು. ಅಳಿಸಿದವನ್ನು ಸ್ವಲ್ಪ ಕಾಲ ಬುಟ್ಟಿಯಲ್ಲಿ ಹಿಡಿದಿಡುವ ಏರ್ಪಾಟೂ ಅದರಲ್ಲಿ ಇದೆ, ಅದನ್ನೂ ಚಾಲೂ ಮಾಡಬೇಕು.

ನಕ್ಷತ್ರಗಳ ವಿಷಯದಲ್ಲಿಯೂ ಇಂಥದೇ ಒಂದು ಗುಟ್ಟುಂಟು. ನಾವು ಕೊಟ್ಟ ನಕ್ಷತ್ರಗಳೂ ಕೇಳಿದ ಲೆಕ್ಕವೂ ಸಾಮಾನ್ಯವಾಗಿ ಹಾಡಿನ ಫೈಲಿನಲ್ಲಿ ಇರುವುದಿಲ್ಲ, ತಂತ್ರಾಂಶದ ಸ್ವಂತ ಕೋಷ್ಟಕದಲ್ಲಿ ಇರುತ್ತವೆ. ಬೇರೆ ತಂತ್ರಾಂಶಕ್ಕೆ ಹೋದ ದಿನ ಹಾಡುಗಳು ಬರುತ್ತವೆ, ಹತ್ತು ವರ್ಷದ ಅಭಿಪ್ರಾಯ ಹಿಂದೆ ಉಳಿಯುತ್ತದೆ. ಕೆಲವು ತಂತ್ರಾಂಶಗಳಲ್ಲಿ ‘ನಕ್ಷತ್ರವನ್ನು ಫೈಲಿನಲ್ಲಿ ಬರೆ’ ಎಂಬ ಆಯ್ಕೆಯಿದೆ. ಅದನ್ನು ಹುಡುಕಿ ಒಪ್ಪಿಕೊಳ್ಳಬೇಕು. ಅದೇ ರೀತಿ ಪಟ್ಟಿಯನ್ನು ಎಂ-ತ್ರೀ-ಯು ಎಂಬ ರೂಪದಲ್ಲಿ ಹೊರತೆಗೆದಾಗ ಅದರೊಳಗೆ ಹಾಡುಗಳಿರುವುದಿಲ್ಲ, ಹಾಡುಗಳ ವಿಳಾಸಗಳಿರುತ್ತವೆ. ಕಂಪ್ಯೂಟರಿನ ಪೂರ್ತಿ ವಿಳಾಸವನ್ನು ಬರೆದಿದ್ದರೆ ಫೋನಿಗೆ ಆ ಬೀದಿಯೇ ಗೊತ್ತಿಲ್ಲ. ‘ಪಕ್ಕದ ಮನೆ’ ಎಂಬಂಥ ಸಾಪೇಕ್ಷ ವಿಳಾಸವಿದ್ದರೆ ಎಲ್ಲಿಯಾದರೂ ನಡೆಯುತ್ತದೆ. ಪಟ್ಟಿ ಬಂತು, ಹಾಡು ನುಡಿಯದು ಎಂಬ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ.

ಆಜ್ಞೆಗಳನ್ನು ಟೈಪು ಮಾಡಲು ಅಂಜದವರಿಗೆ ೧೯೯೬ರಲ್ಲಿ ಬಂದ ಆರ್‌ಸಿಂಕ್ ಇಂದಿಗೂ ಉತ್ತಮ ಸಾಧನ. ಅದು ಬದಲಾದದ್ದನ್ನು ಮಾತ್ರ ಸಾಗಿಸುತ್ತದೆ. ‘ಅಳಿಸು’ ಎಂದು ನಾವು ಬಾಯಿಬಿಟ್ಟು ಹೇಳದ ಹೊರತು ಆ ಕಡೆಯದನ್ನು ಅಳಿಸುವುದಿಲ್ಲ. ಮೊದಲು ಒಣ ಓಟವನ್ನು ಓಡಿಸಿದರೆ ಏನೇನು ಮಾಡಲಿರುವೆನೆಂದು ಪಟ್ಟಿ ತೋರಿಸಿ ಸುಮ್ಮನಿರುತ್ತದೆ. ಕೆಲವೊಮ್ಮೆ ಮೆಮೊರಿ ಕಾರ್ಡಿಗೆ ಸಾಗಿಸುವಾಗ ಅದು ಏನೂ ಬದಲಾಗದಿದ್ದರೂ ಎಲ್ಲ ಹಾಡುಗಳನ್ನೂ ಮತ್ತೆ ಮತ್ತೆ ಸಾಗಿಸುತ್ತದೆ. ಇದು ದೆವ್ವದ ಕಾಟವಲ್ಲ. ಕಾರ್ಡುಗಳಲ್ಲಿ ಬಳಕೆಯಾಗುವ ಫ್ಯಾಟ್ ಎಂಬ ಹಳೆಯ ಪದ್ಧತಿ ಫೈಲಿನ ವೇಳೆಯನ್ನು ಎರಡೆರಡು ಸೆಕೆಂಡಿನ ಲೆಕ್ಕದಲ್ಲಿ ಬರೆಯುತ್ತದೆ; ಕಂಪ್ಯೂಟರಿನ ಬೆಸ ಸೆಕೆಂಡು ಅಲ್ಲಿ ಸಮವಾಗಿಬಿಡುತ್ತದೆ; ಎರಡು ವೇಳೆಗಳು ಹೊಂದದ್ದರಿಂದ ಹಾಡು ಬದಲಾಗಿದೆಯೆಂದು ಸಾಧನ ಭ್ರಮಿಸುತ್ತದೆ. ಒಂದು ಸೆಕೆಂಡಿನ ಅಂತರವನ್ನು ಕ್ಷಮಿಸೆಂದು ಹೇಳುವ ಆಯ್ಕೆಯೂ ಅದರಲ್ಲಿಯೇ ಇದೆ. ಅದನ್ನು ಒಮ್ಮೆ ಬರೆದಿಟ್ಟುಕೊಂಡರೆ ಶನಿವಾರ ಸಂಜೆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ವಾರದ ಸಾಗಣೆ ಮುಗಿದಿರುತ್ತದೆ.